ಹಳೆಯ ಕೈಗಡಿಯಾರವನ್ನು ಕೊಳ್ಳುವ ಮುನ್ನ

ಒಂದು ಕಾಲದಲ್ಲಿ ರೇಡಿಯೋದಲ್ಲಿ ವಾರ್ತೆ ಆರಂಭವಾಗುವ ಮುನ್ನ ನಮ್ಮ ಮನೆಗಳಲ್ಲಿ ಒಂದು ಚಿಕ್ಕ ವಿಧಿ ತಪ್ಪದೆ ನಡೆಯುತ್ತಿತ್ತು. ಮನೆಯ ಹಿರಿಯರು ಮಣಿಕಟ್ಟಿನ ಗಡಿಯಾರವನ್ನು ಬಿಚ್ಚಿ, ಕೀಲಿ ಕೊಡುವ ತಿರುಪನ್ನು ಹೊರಕ್ಕೆಳೆದು, ಸಮಯವನ್ನು ಸೂಚಿಸುವ ಸದ್ದಿಗಾಗಿ ಕಾದು ಕುಳಿತಿರುತ್ತಿದ್ದರು. ಕೊನೆಯ ಸದ್ದು ಕೇಳಿದೊಡನೆ ತಿರುಪನ್ನು ಒಳಕ್ಕೊತ್ತಿ, ಕಿವಿಯ ಬಳಿ ಹಿಡಿದು, ‘ಸರಿ’ ಎಂದು ತಲೆಯಾಡಿಸುತ್ತಿದ್ದರು. ಆ ಮೇಲೆ ದೇಶದ ಸುದ್ದಿ ಏನಾದರೂ ಆಗಲಿ, ಮನೆಯ ಕಾಲವಂತೂ ನೆಟ್ಟಗಾಯಿತೆಂಬ ನೆಮ್ಮದಿ ಅವರ ಮುಖದಲ್ಲಿರುತ್ತಿತ್ತು.

ಇಂದು ಗಂಟೆ ಎಷ್ಟೆಂದು ತಿಳಿಯಲು ಯಾರಿಗೂ ಕೈಗಡಿಯಾರ ಬೇಕಾಗಿಲ್ಲ. ಜೇಬಿನ ಫೋನೇ ಆ ಕೆಲಸವನ್ನು ಮಾಡುತ್ತದೆ. ಆದರೂ ವಿಚಿತ್ರ ನೋಡಿ: ಕೆಲಸ ಕಳೆದುಕೊಂಡ ಮೇಲೆ ಹಳೆಯ ಕೈಗಡಿಯಾರಕ್ಕೆ ಮರ್ಯಾದೆ ಹೆಚ್ಚಿದೆ. ಅಜ್ಜನ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಮೊಮ್ಮಗನ ಕೈಗೆ ಬಂದಿದೆ. ಸಂತೆಯಲ್ಲಿ, ಹಳೆಯ ಸಾಮಾನಿನ ಅಂಗಡಿಯಲ್ಲಿ, ಫೋನಿನ ತೆರೆಯ ಮೇಲೆ ಅವುಗಳ ವ್ಯಾಪಾರ ಜೋರಾಗಿ ನಡೆದಿದೆ. ಕೊಳ್ಳುವವರು ಹೆಚ್ಚಿದ ಕಡೆ ಮೋಸವೂ ಹೆಚ್ಚುವುದು ಲೋಕದ ರೂಢಿ. ಆದುದರಿಂದ ಒಂದು ಹಳೆಯ ಗಡಿಯಾರ ಕೈಗೆ ಬಂದಾಗ ಅದು ಅಸಲೋ ಅಲ್ಲವೋ, ಕೇಳುವ ಬೆಲೆಗೆ ತಕ್ಕದ್ದೋ ಅಲ್ಲವೋ ಎಂಬುದನ್ನು ಸಾಮಾನ್ಯರಾದ ನಾವು ಎಷ್ಟರ ಮಟ್ಟಿಗೆ ತಿಳಿಯಬಹುದು? ಈ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ‘ಅಸಲು’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಸುಳ್ಳಿನಲ್ಲಿ ಮೂರು ಬಗೆ ಉಂಟು. ಒಂದು, ಪೂರ್ತಿ ಖೋಟಾ. ಹೆಸರು ದೊಡ್ಡ ಕಂಪನಿಯದು, ಒಳಗಿನ ಯಂತ್ರ ಎಲ್ಲಿಯದೋ. ಇದನ್ನು ಹಿಡಿಯುವುದು ಕಷ್ಟವಲ್ಲ. ಎರಡನೆಯದು, ಯಂತ್ರವೂ ಕವಚವೂ ನಿಜವಾದರೂ ಮುಖಕ್ಕೆ ಮತ್ತೆ ಬಣ್ಣ ಬಳಿದು, ಅಂಕಿ ಅಕ್ಷರಗಳನ್ನು ಹೊಸದಾಗಿ ಅಚ್ಚು ಹಾಕಿದ್ದು. ನಮ್ಮ ದೇಶದಲ್ಲಿ ಸಿಗುವ ಹಳೆಯ ಸ್ವಿಸ್ ಗಡಿಯಾರಗಳಲ್ಲಿ ಇಂತಹವು ಬಹಳ. ಕೆಂಪು, ನೀಲಿ, ಹಸುರು ಬಣ್ಣಗಳಲ್ಲಿ ಮದುವೆಮನೆಯ ಚಪ್ಪರದಂತೆ ಝಗಝಗಿಸುವ ಮುಖ ಕಂಡರೆ ಅನುಮಾನಪಡಬೇಕು. ಮೂರನೆಯದು, ನಾಲ್ಕಾರು ಸತ್ತ ಗಡಿಯಾರಗಳ ಅಂಗಾಂಗಗಳನ್ನು ಕೂಡಿಸಿ ಒಂದನ್ನು ಎಬ್ಬಿಸಿ ನಿಲ್ಲಿಸಿದ್ದು. ಇಲ್ಲಿ ಒಂದೊಂದು ಭಾಗವೂ ನಿಜ; ಒಟ್ಟು ಮಾತ್ರ ಸುಳ್ಳು. ಹಿಡಿಯಲು ಅತ್ಯಂತ ಕಷ್ಟವಾದದ್ದು ಇದೇ.

ಎಷ್ಟು ಕಷ್ಟವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. 2021ರ ನವೆಂಬರಿನಲ್ಲಿ ಜಿನೀವಾ ನಗರದ ಒಂದು ಹರಾಜಿನಲ್ಲಿ, 1957ರದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಗಡಿಯಾರವೊಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೀರಿ ಮಾರಾಟವಾಯಿತು. ಕೊಂಡವರು ಬೇರೆ ಯಾರೂ ಅಲ್ಲ, ತಮ್ಮ ವಸ್ತುಸಂಗ್ರಹಾಲಯಕ್ಕಾಗಿ ಒಮೆಗಾ ಕಂಪನಿಯವರೇ! ಎರಡು ವರ್ಷ ಕಳೆಯುವುದರೊಳಗೆ, 2023ರಲ್ಲಿ, ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾಡಿದ್ದೆಂದು ಅದೇ ಕಂಪನಿಯೇ ಹೇಳಬೇಕಾಯಿತು. ಹೆತ್ತ ತಾಯಿಯೇ ಮಗುವಿನ ಗುರುತು ತಪ್ಪಿದಂತಾಯಿತು. ಇದನ್ನು ಹೇಳುವುದು ತಮ್ಮನ್ನು ಹೆದರಿಸುವುದಕ್ಕಲ್ಲ. ‘ಇದು ಅಸಲೇ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ ಸ್ವಾಮಿ’ ಎಂದು ಯಾರಾದರೂ ಹೇಳಿದರೆ ಕಣ್ಣನ್ನು ಇನ್ನಷ್ಟು ತೆರೆಯಬೇಕೆಂಬುದಕ್ಕೆ.

ಇನ್ನು ಪರೀಕ್ಷೆಗೆ ಬರೋಣ. ಪರೀಕ್ಷಿಸುವ ವಸ್ತುವಿನ ಒಳಮರ್ಮ ಸ್ವಲ್ಪವಾದರೂ ಗೊತ್ತಿರಬೇಕು. ಕೀಲಿ ಕೊಡುವ ಗಡಿಯಾರದೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯೊಂದಿರುತ್ತದೆ. ನಾವು ತಿರುಪನ್ನು ತಿರುಗಿಸಿದಂತೆ ಅದು ಬಿಗಿಯುತ್ತದೆ. ಬಿಚ್ಚಿಕೊಳ್ಳಲು ಹವಣಿಸುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಓಟಕ್ಕೆ ಕಡಿವಾಣ ಹಾಕುವುದು ಕೂದಲಿನಷ್ಟು ತೆಳುವಾದ ಸ್ಪ್ರಿಂಗಿನ ಬಲದಿಂದ ಅತ್ತಿತ್ತ ಹೊಯ್ದಾಡುವ ಬ್ಯಾಲೆನ್ಸ್ ಚಕ್ರ. ಹಿಂದಿನ ಸಾಮಾನ್ಯ ಗಡಿಯಾರಗಳಲ್ಲಿ ಇದು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ದಿನವೊಂದಕ್ಕೆ 4,32,000 ಬಡಿತ! ಇಷ್ಟು ದುಡಿಯುವ ಅಚ್ಚುಗಳ ತುದಿ ಸವೆಯಬಾರದೆಂದು ಅವುಗಳಿಗೆ ಗಟ್ಟಿಯಾದ ಹರಳಿನ ಕುಣಿಕೆಗಳನ್ನು ಕೂಡಿಸಿರುತ್ತಾರೆ. ಗಡಿಯಾರದ ಮೇಲೆ ‘17 ಜ್ಯೂಯೆಲ್ಸ್’ ಎಂದು ಬರೆದಿರುವುದು ಇವುಗಳ ಲೆಕ್ಕ. ಈ ಮಾತನ್ನು ಓದಿ ಒಳಗೆ ಹದಿನೇಳು ರತ್ನಗಳಿವೆಯೆಂದು ಹಿಗ್ಗಬೇಕಾಗಿಲ್ಲ. ಇವು ಕೃತಕ ಮಾಣಿಕ್ಯಗಳು. ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ವೆರ್ನ್ಯೂಯ್ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲಿ ಪ್ರಕಟಿಸಿದ ಮೇಲೆ ಅವು ಅಗ್ಗವಾದವು. ಕೈಯಿಂದ ಕೀಲಿ ಕೊಡುವ ಸರಳ ಗಡಿಯಾರಕ್ಕೆ ಹದಿನೇಳು ಧಾರಾಳವಾಗಿ ಸಾಕು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಯಂತ್ರ ಉತ್ತಮವೆಂದಾಗಲಿ, ಬೆಲೆ ಏರಬೇಕೆಂದಾಗಲಿ ಅಲ್ಲ.

ಮೊದಲ ನೋಟ ಮುಖದ ಮೇಲಿರಲಿ. ಹಳೆಯ ಗಡಿಯಾರದ ಬೆಲೆಯಲ್ಲಿ ದೊಡ್ಡ ಪಾಲು ಮುಖದ್ದೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಗೆರೆಗಳ ದಪ್ಪ ಒಂದೇ ಸಮನಾಗಿರುತ್ತದೆ. ಮತ್ತೆ ಬಳಿದ ಮುಖದಲ್ಲಿ ಅಕ್ಷರ ದಪ್ಪವಾಗಿ ಹರಡಿಕೊಂಡಿರುತ್ತದೆ. ಕಂಪನಿಯ ಹೆಸರು ನಡುಗೆರೆಯಿಂದ ತುಸು ಸರಿದಿರುತ್ತದೆ. ಕೆಲವೊಮ್ಮೆ ಕಾಗುಣಿತವೇ ತಪ್ಪಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂಡುತ್ತವೆಯೇ ನೋಡಿ. ಆರು ಗಂಟೆಯ ಸ್ಥಾನದ ಕೆಳಗೆ ಸ್ವಿಸ್ ಗಡಿಯಾರಗಳಲ್ಲಿ ಸಾಮಾನ್ಯವಾಗಿ ‘ಸ್ವಿಸ್’ ಅಥವಾ ‘ಸ್ವಿಸ್ ಮೇಡ್’ ಎಂಬ ಅತಿ ಸಣ್ಣ ಅಕ್ಷರಗಳಿರುತ್ತವೆ. ಮರುಬಣ್ಣ ಬಳಿಯುವವನ ಕೈ ಬಹಳ ಮಾಡಿ ಇಲ್ಲಿಯೇ ಎಡವುವುದು. ತಾರೀಖಿನ ಕಿಂಡಿಯಿದ್ದರೆ ಅದರ ಅಂಚಿನಲ್ಲಿ ಬಣ್ಣ ಗಟ್ಟಿ ಕಟ್ಟಿದೆಯೇ ಗಮನಿಸಿ.

ಮುಳ್ಳುಗಳನ್ನೂ ಅಳೆಯಬೇಕು. ನಿಮಿಷದ ಮುಳ್ಳು ನಿಮಿಷದ ಗೆರೆಗಳವರೆಗೆ ಮುಟ್ಟುವಂತಿರಬೇಕು. ಗಂಟೆಯ ಮುಳ್ಳು ಗಂಟೆಯ ಗುರುತಿನ ಒಳ ಅಂಚಿನ ಸಮೀಪಕ್ಕೆ ಬರಬೇಕು. ಅಳತೆ ಹೊಂದದ ಗಿಡ್ಡ ಮುಳ್ಳು ಬೇರೊಂದು ಗಡಿಯಾರದಿಂದ ಬಂದದ್ದಿರಬಹುದು. ಮುಖದ ವಯಸ್ಸಿಗೂ ಮುಳ್ಳಿನ ವಯಸ್ಸಿಗೂ ಹೊಂದಿಕೆ ಇರಬೇಕು. ಗಾಜಿನ ಕೆಳಗೆ ಜೊತೆಯಾಗಿ ಮುದಿಯಾದವು ಒಂದೇ ರೀತಿ ಮುದಿಯಾಗಿರುತ್ತವೆ. ಮುಖ ಕಂದಿ ಹಳದಿಯಾಗಿದ್ದು ಮುಳ್ಳುಗಳು ಮಾತ್ರ ನಿನ್ನೆ ಹುಟ್ಟಿದಂತಿದ್ದರೆ ಕಾರಣವನ್ನು ಕೇಳಬೇಕು. ಕಾರಣವಿರಲೂಬಹುದು. ಮುರಿದ ಮುಳ್ಳನ್ನು ಬದಲಿಸಿದ್ದು ಅಪರಾಧವಲ್ಲ. ಬದಲಿಸಿದ್ದನ್ನು ಹೇಳದೆ ಬೆಲೆ ಕಟ್ಟುವುದು ಅಪರಾಧ.

ಕತ್ತಲಲ್ಲಿ ಹೊಳೆಯುವ ಅಂಕಿಗಳಿದ್ದರೆ ಅವುಗಳಿಂದಲೂ ಕಾಲವನ್ನು ಊಹಿಸಬಹುದು. ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಈ ಹೊಳಪಿಗೆ ರೇಡಿಯಂ ಬೆರೆಸಿದ ಬಣ್ಣವನ್ನು ಬಳಸುತ್ತಿದ್ದರು. ಆ ಮೇಲೆ ಟ್ರಿಟಿಯಂ ಬಂದಿತು. ಅಂತಹ ಸ್ವಿಸ್ ಗಡಿಯಾರಗಳ ಮುಖದ ಬುಡದಲ್ಲಿ ‘ಸ್ವಿಸ್’ ಎಂಬ ಮಾತಿನ ಆಚೆ ಈಚೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರವನ್ನು ಹಾಕುವ ಪದ್ಧತಿಯಿತ್ತು. ಟ್ರಿಟಿಯಂನ ಕಸುವು ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ರೇಡಿಯಂನ ಕಸುವು ಅರ್ಧವಾಗಲು ಸುಮಾರು 1,600 ವರ್ಷ ಬೇಕು. ಆದರೆ ಅದರೊಡನೆ ಬೆರೆತು ಹೊಳಪನ್ನು ಕೊಡುವ ಪದಾರ್ಥ ಬಹಳ ಬೇಗ ಬಳಲಿಹೋಗುತ್ತದೆ. ಆದುದರಿಂದ ಅರವತ್ತು ಎಪ್ಪತ್ತು ವರ್ಷದ ಗಡಿಯಾರ ಕತ್ತಲಲ್ಲಿ ದೀಪದಂತೆ ಬೆಳಗಿದರೆ ಅದು ಹೊಸ ಬಣ್ಣವೆಂದೇ ತಿಳಿಯಬೇಕು. ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ. ಅಮೆರಿಕದಲ್ಲಿ ಕುಂಚವನ್ನು ತುಟಿಯಿಂದ ಚೂಪು ಮಾಡಿಕೊಂಡು ಈ ಬಣ್ಣ ಬಳಿಯುತ್ತಿದ್ದ ಎಳೆಯ ವಯಸ್ಸಿನ ಹೆಣ್ಣುಮಕ್ಕಳು ದವಡೆ ಕೊಳೆತು ಪ್ರಾಣ ಬಿಟ್ಟದ್ದು 1920ರ ದಶಕದ ದಾರುಣ ಕಥೆ. ಇಂತಹ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬೇಡಿ, ಬಣ್ಣವನ್ನು ಕೆರೆಯಬೇಡಿ, ಅದರ ಪುಡಿಯನ್ನು ಉಸಿರಿಗೆ ಸೇರಿಸಿಕೊಳ್ಳಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಮುಖವಾದ ಮೇಲೆ ಕವಚ. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳನ್ನು ನೋಡಿ. ಅವುಗಳ ಏಣು ಇನ್ನೂ ತೀಕ್ಷ್ಣವಾಗಿದೆಯೇ? ಅಥವಾ ಹೊಳೆಯ ಕಲ್ಲಿನಂತೆ ಸವೆದು ಗುಂಡಗಾಗಿದೆಯೇ? ಗುಂಡಗಾಗಿದ್ದರೆ ಅದನ್ನು ಅನೇಕ ಬಾರಿ ಉಜ್ಜಿ ಹೊಳಪು ಕೊಟ್ಟಿದ್ದಾರೆಂದು ಅರ್ಥ. ಉಜ್ಜಿದಷ್ಟೂ ಲೋಹ ಹೋಗುತ್ತದೆ. ಹೋದ ಲೋಹ ಮರಳಿ ಬರುವುದಿಲ್ಲ. ಬಲ್ಲವರು ಗೀರುಗಳಿರುವ ಪೂರ್ಣ ಕವಚಕ್ಕೆ ಹೆಚ್ಚು ಬೆಲೆ ಕೊಟ್ಟು, ಕನ್ನಡಿಯಂತೆ ಹೊಳೆಯುವ ಸವೆದ ಕವಚಕ್ಕೆ ಕಡಿಮೆ ಕೊಡುತ್ತಾರೆ.

ಬಂಗಾರದ ಬಣ್ಣವಿದ್ದರಂತೂ ಬಲು ಎಚ್ಚರ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಹಳದಿಯಾಗಿರುವುದೆಲ್ಲ ಚಿನ್ನವಲ್ಲ. ಬಹುಪಾಲು ಹಿತ್ತಾಳೆಗೆ ಗಿಲೀಟು ಮಾಡಿದ್ದು. ಹಿಂಬದಿಯ ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಆ ಮಾತನ್ನು ಪೂರ್ತಿಯಾಗಿ ಓದಿ. ಮುಚ್ಚಳ ಮಾತ್ರ ಉಕ್ಕು. ಉಳಿದ ಮೈ ಗಿಲೀಟೋ ಕ್ರೋಮಿಯಂ ಲೇಪವೋ ಆಗಿರುತ್ತದೆ. ‘20 ಮೈಕ್ರಾನ್’ ಎಂಬಂತಹ ಗುರುತಿದ್ದರೆ ಅದು ಲೇಪದ ದಪ್ಪ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್ ಎಂದು ನೆನಪಿಟ್ಟುಕೊಂಡರೆ ಎಷ್ಟು ಚಿನ್ನವಿದೆಯೆಂದು ತಾವೇ ಅಂದಾಜು ಮಾಡಬಹುದು. ಸ್ವಿಟ್ಜರ್ಲೆಂಡಿನ ನಿಜವಾದ ಚಿನ್ನದ ಕವಚಕ್ಕೆ ಸರ್ಕಾರಿ ಮುದ್ರೆಗಳಿದ್ದವು. 18 ಕ್ಯಾರಟ್ಟಿಗೆ ‘ಹೆಲ್ವೇಷಿಯಾ’ ಎಂಬ ಸ್ತ್ರೀಯ ತಲೆ, 14 ಕ್ಯಾರಟ್ಟಿಗೆ ಅಳಿಲು; ಜೊತೆಗೆ 0.750 ಅಥವಾ 0.585 ಎಂಬಂತಹ ಅಂಕಿ. 1995ರಿಂದೀಚೆಗೆ ಇವುಗಳ ಬದಲು ನಾಯಿಯ ತಲೆಯ ಮುದ್ರೆ ಬಂದಿದೆ. 1950ರದೆಂದು ಮಾರುವ ಗಡಿಯಾರದಲ್ಲಿ ನಾಯಿಯ ಮುದ್ರೆ ಕಂಡರೆ, ವ್ಯಾಪಾರಿಯ ಮಾತಿಗಿಂತ ನಾಯಿಯ ಮಾತನ್ನು ನಂಬುವುದು ಲೇಸು.

ಈಗ ಮುಚ್ಚಳವನ್ನು ತೆರೆಸಬೇಕು. ತೆರೆದು ತೋರಿಸಲು ಒಪ್ಪದವನಿಂದ ದುಬಾರಿ ಗಡಿಯಾರವನ್ನು ಕೊಳ್ಳಬೇಡಿ. ಇದೊಂದು ನಿಯಮವನ್ನು ಪಾಲಿಸಿದರೆ ಅರ್ಧದಷ್ಟು ಮೋಸ ದೂರವಾಗುತ್ತದೆ. ಒಳಗೆ ಮೂರು ಕಡೆ ಬರಹವಿರುತ್ತದೆ: ಮುಖದ ಮೇಲಿನ ಹೆಸರು, ಮುಚ್ಚಳದ ಒಳಮೈಯ ಮುದ್ರೆ, ಯಂತ್ರದ ಮೇಲಿನ ಅಚ್ಚು. ಈ ಮೂವರು ಸಾಕ್ಷಿಗಳೂ ಒಂದೇ ಮಾತನ್ನು ಹೇಳುತ್ತಾರೆಯೇ ಎಂದು ನೋಡಬೇಕು. ಆದರೆ ಇಲ್ಲಿ ಆತುರದ ತೀರ್ಪು ಕೂಡದು. ಸ್ವಿಟ್ಜರ್ಲೆಂಡಿನ ಅನೇಕ ಒಳ್ಳೆಯ ಕಂಪನಿಗಳು ಯಂತ್ರವನ್ನು ತಾವೇ ಮಾಡದೆ, ಈಟಿಎ, ಎ. ಶೀಲ್ಡ್, ಪೆಸೂ ಮೊದಲಾದ ತಯಾರಕರಿಂದ ತರಿಸಿ, ಹದಗೊಳಿಸಿ, ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಆದುದರಿಂದ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ ಬೇರೆ ತಯಾರಕನ ಗುರುತು ಕಂಡ ಮಾತ್ರಕ್ಕೆ ಖೋಟಾ ಎನ್ನಲಾಗದು. ಆ ಕಂಪನಿ ಆ ಮಾದರಿಯಲ್ಲಿ ಆ ಯಂತ್ರವನ್ನು ಬಳಸುತ್ತಿತ್ತೇ ಎಂಬುದೇ ಸರಿಯಾದ ಪ್ರಶ್ನೆ. ಯಂತ್ರದ ಸಂಖ್ಯೆಯನ್ನು ಬರೆದುಕೊಂಡು ಬಂದು, ಪಟ್ಟಿಗಳಲ್ಲಿ ಹುಡುಕಿ, ಆ ಮೇಲೆ ಹಣದ ಮಾತನಾಡಿ. ಇಂದು ಬಾರದ ಗಡಿಯಾರ ನಾಳೆ ಬಂದೀತು. ಇಂದು ಹೋದ ಹಣ ನಾಳೆ ಬರಲಾರದು.

ಒಳಗೆ ನೋಡಬೇಕಾದ ಇನ್ನೊಂದು ಸಂಗತಿ ತುಕ್ಕು. ಒಣಗಿದ ಎಣ್ಣೆಗೆ ಮದ್ದುಂಟು. ತೊಳೆದು ಹೊಸ ಎಣ್ಣೆ ಹಾಕಿದರೆ ಯಂತ್ರ ಮತ್ತೆ ಚುರುಕಾಗುತ್ತದೆ. ತುಕ್ಕಿಗೆ ಮದ್ದು ಕಷ್ಟ, ಬಿಡಿಭಾಗ ಇನ್ನೂ ಕಷ್ಟ. ಮಳೆಗಾಲದ ತೇವವನ್ನೂ ಕರಾವಳಿಯ ಉಪ್ಪುಗಾಳಿಯನ್ನೂ ಬೆವರನ್ನೂ ಕಂಡ ಗಡಿಯಾರಗಳಲ್ಲಿ ಇದು ಸಾಮಾನ್ಯ. ತಿರುಪುಮೊಳೆಗಳ ತಲೆಯನ್ನು ನೋಡಿ. ಗೀರು ಗಾಯಗಳು ಬಹಳವಿದ್ದರೆ ಒರಟು ಕೈಗಳು ಅನೇಕ ಬಾರಿ ಒಳಹೊಕ್ಕಿವೆಯೆಂದು ತಿಳಿಯಬಹುದು. ‘ವಾಟರ್‌ಪ್ರೂಫ್’ ಎಂದು ಮುಚ್ಚಳದ ಮೇಲೆ ಬರೆದಿರುವುದನ್ನು ನಂಬಿ ಕೈ ತೊಳೆಯಬೇಡಿ. ಆ ಮಾತನ್ನು ಬರೆದಾಗ ನಿಜವಿದ್ದಿರಬಹುದು. ನೀರನ್ನು ತಡೆಯುತ್ತಿದ್ದ ರಬ್ಬರಿನ ಬಳೆ ಎಂದೋ ಗಟ್ಟಿಯಾಗಿ ಬಿರಿದುಹೋಗಿರುತ್ತದೆ.

ನಡೆಯುವ ಗಡಿಯಾರವನ್ನು ನಡೆಸಿಯೇ ನೋಡಬೇಕು. ಕೀಲಿ ಕೊಡುವಾಗ ಬೆರಳಿಗೆ ಒಂದೇ ಸಮನಾದ ಬಿಗಿ ತಿಳಿಯಬೇಕು, ಜಾರಬಾರದು. ‘ಜಾಸ್ತಿ ಕೀಲಿ ಕೊಟ್ಟು ಹಾಳಾಯಿತು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಬಹುಮಟ್ಟಿಗೆ ಭ್ರಮೆ. ಬಿಗಿ ನಿಲ್ಲುವವರೆಗೆ ಕೀಲಿ ಕೊಡುವುದೇ ಸರಿಯಾದ ಕ್ರಮ. ನಿಂತ ಮೇಲೆ ಬಲಾತ್ಕಾರ ಮಾಡಬಾರದು, ಅಷ್ಟೆ. ಪೂರ್ತಿ ಕೀಲಿ ಕೊಟ್ಟ ಒಳ್ಳೆಯ ಯಂತ್ರ ಒಂದೂವರೆ ದಿನದಷ್ಟು ಹೊತ್ತು ನಡೆಯಬೇಕು. ಮುಖ ಮೇಲಾಗಿ ಮಲಗಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಪರೀಕ್ಷಿಸಿ. ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಡಿಮೆಯಾದರೆ ಹೌಹಾರಬೇಕಾಗಿಲ್ಲ. ದಿನದ 86,400 ಸೆಕೆಂಡುಗಳಲ್ಲಿ ಮೂವತ್ತು ಎಂದರೆ ಹತ್ತು ಸಾವಿರಕ್ಕೆ ಮೂರೂವರೆ ಪಾಲು ಮಾತ್ರ. ಮುದುಕನಾದ ಸೇವಕನಿಂದ ಇದಕ್ಕಿಂತ ಹೆಚ್ಚಿನ ನಿಷ್ಠೆಯನ್ನು ಬಯಸುವುದು ನ್ಯಾಯವಲ್ಲ. ಗಡಿಯಾರ ವಿಪರೀತ ಮುಂದೋಡಿದರೆ ಅಯಸ್ಕಾಂತದ ಸೋಂಕು ತಗುಲಿರಬಹುದು. ರಿಪೇರಿಯವರ ಬಳಿಯಿರುವ ಸಣ್ಣ ಉಪಕರಣದಿಂದ ಅದನ್ನು ಕ್ಷಣದಲ್ಲಿ ತೆಗೆಯಬಹುದು.

ಇಷ್ಟು ಹೇಳಿ ನಮ್ಮ ಮನೆಯಂಗಳದ ಮಾತನ್ನು ಬಿಡಲಾದೀತೇ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾಯಿತು. ಅಲ್ಲಿಯವರೆಗೆ ಕೈಗಡಿಯಾರವೆಂದರೆ ಬಹುಮಟ್ಟಿಗೆ ಸ್ವಿಸ್ ಸರಕು: ವೆಸ್ಟ್ ಎಂಡ್, ಫಾವ್ರ್ ಲೂಬಾ ಮೊದಲಾದ ಹೆಸರುಗಳು. ಆ ಮೇಲೆ ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ್ ಇವು ಮನೆಮಾತಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಹಸೆಮಣೆ ಏರಿದ ಅಳಿಯನಿಗೆ, ನಿವೃತ್ತರಾದ ಗುಮಾಸ್ತರಿಗೆ ಕೊಡುವ ಉಡುಗೊರೆ ಅದೇ. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರ 1969ರ ಕೊನೆಯಲ್ಲಿ ಜಪಾನಿನಲ್ಲಿ ಪೇಟೆಗೆ ಬಂದು, ಮುಂದಿನ ದಶಕಗಳಲ್ಲಿ ಲೋಕವನ್ನೆಲ್ಲ ಆವರಿಸಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ.ಯ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಆ ಸಂಸ್ಥೆಯ ಕಥೆಯನ್ನು ಹೇಳುವ ವಸ್ತುಸಂಗ್ರಹಾಲಯವಿದೆ.

ಮುಚ್ಚಿದ ಮೇಲೆ ಬೇಡಿಕೆ ಹೆಚ್ಚಿತು. ಬೇಡಿಕೆಯ ಹಿಂದೆಯೇ ಜೋಡಣೆಯವರೂ ಬಂದರು. ಹಳೆಯ ಯಂತ್ರಕ್ಕೆ ಈಚೆಗೆ ಅಚ್ಚು ಹಾಕಿದ ಬಣ್ಣಬಣ್ಣದ ಮುಖವನ್ನು ಕೂಡಿಸಿ, ಹೊಸ ಕವಚ ತೊಡಿಸಿ, ‘ಡಬ್ಬಿಯಿಂದ ತೆಗೆಯದ ಹಳೆಯ ಸರಕು’ ಎಂದು ಮಾರುವುದುಂಟು. ಕೈಯಿಂದ ಕೀಲಿ ಕೊಡುವ ಯಂತ್ರದ ಮೇಲೆ ‘ಆಟೋಮ್ಯಾಟಿಕ್’ ಎಂಬ ಮುಖ ಕೂತಿರುವುದೂ ಉಂಟು. ಇದಕ್ಕೆ ಭೂತಗನ್ನಡಿ ಬೇಡ. ಮುಚ್ಚಳ ತೆಗೆದಾಗ ಒಳಗೆ ಅರ್ಧಚಂದ್ರಾಕಾರದ ತೂಕದ ಬಿಲ್ಲೆ ತಿರುಗದಿದ್ದರೆ ಅದು ಆಟೋಮ್ಯಾಟಿಕ್ ಅಲ್ಲ. ಎಚ್.ಎಂ.ಟಿ. ಅಚ್ಚುಳ್ಳ 17 ಹರಳಿನ ಯಂತ್ರ, ಕಾಲಕ್ಕೆ ತಕ್ಕಂತೆ ಕಂದಿದ ಸರಳ ಮುಖ, ಅದೇ ಹೆಸರಿನ ಮುಚ್ಚಳ, ಇಷ್ಟಿದ್ದರೆ ನೆಮ್ಮದಿಯಾಗಿ ಕೊಳ್ಳಬಹುದು. ಇವು ಲಕ್ಷಗಟ್ಟಲೆ ತಯಾರಾದವು. ಆದುದರಿಂದ ‘ಬಲು ಅಪರೂಪ’ ಎಂದು ವ್ಯಾಪಾರಿ ಹೇಳಿದರೆ ಸುಮ್ಮನೆ ನಕ್ಕು, ಪಕ್ಕದ ಅಂಗಡಿಯಲ್ಲೂ ಒಮ್ಮೆ ವಿಚಾರಿಸಿ.

ಇನ್ನು ಬೆಲೆಯ ಮಾತು. ಹಳೆಯದಾದ ಮಾತ್ರಕ್ಕೆ ಬೆಲೆಯಿಲ್ಲ. ತಯಾರಕನ ಹೆಸರು, ಮಾದರಿ, ಎಷ್ಟು ಉಳಿದಿದೆ, ಎಷ್ಟು ಬದಲಾಗಿದೆ, ಅದನ್ನು ಬಯಸುವವರು ಎಷ್ಟು ಮಂದಿ, ಇವೆಲ್ಲ ಸೇರಿ ಬೆಲೆ. ಮಾರುವವನು ಕೇಳಿದ್ದು ಬೆಲೆಯಲ್ಲ. ನಿಜವಾಗಿ ಮಾರಾಟವಾದದ್ದು ಬೆಲೆ. ಅದೇ ಮಾದರಿಯ ಗಡಿಯಾರಗಳು ಈಚೆಗೆ ಎಷ್ಟಕ್ಕೆ ಕೈಬದಲಾಯಿಸಿವೆಯೆಂದು ನಾಲ್ಕಾರು ಕಡೆ ನೋಡಿಕೊಳ್ಳಿ. ಅದರಿಂದ, ಬಿಚ್ಚಿ ತೊಳೆದು ಎಣ್ಣೆ ಹಾಕಿಸುವ ಖರ್ಚನ್ನು ಕಳೆಯಿರಿ. ಹಿಂದಿನ ಯಜಮಾನನ ರಸೀತಿ, ಡಬ್ಬಿ, ಗ್ಯಾರಂಟಿ ಚೀಟಿ ಇದ್ದರೆ ಸ್ವಲ್ಪ ಕೂಡಿಸಿ. ಕೊಂಡ ದಿನ ಮಾರಿದವನ ಹೆಸರು, ಗಡಿಯಾರದ ಸಂಖ್ಯೆ, ಏನೇನು ಬದಲಾಗಿದೆಯೆಂಬ ವಿವರ ಬರೆದ ರಸೀತಿಯನ್ನು ತಪ್ಪದೆ ಪಡೆಯಿರಿ. ಕದ್ದ ಮಾಲು ಕೈಗೆ ಬಾರದಿರಲು ಇರುವ ರಕ್ಷೆ ಇದೊಂದೇ.

ಕಥೆಗೂ ಬೆಲೆಯುಂಟು. ಪಾಲ್ ನ್ಯೂಮನ್ ಎಂಬ ಅಮೆರಿಕದ ನಟನ ರೋಲೆಕ್ಸ್ ಗಡಿಯಾರ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ 177 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಆತ ಕಾರಿನ ಪಂದ್ಯಗಳಲ್ಲಿ ಭಾಗವಹಿಸುತ್ತಿದ್ದವನು. ಜೋಪಾನವಾಗಿ ಕಾರು ಓಡಿಸಬೇಕೆಂದು ಹೆಂಡತಿ ಅದರ ಬೆನ್ನಿನ ಮೇಲೆ ಕೆತ್ತಿಸಿಕೊಟ್ಟ ಮೂರು ಮಾತುಗಳು ಹಾಗೆಯೇ ಉಳಿದಿದ್ದವು. ಆ ಕೆತ್ತನೆಯನ್ನು ಯಾರಾದರೂ ಉಜ್ಜಿ ಅಳಿಸಿದ್ದರೆ? ಲೋಹ ಅದೇ, ಯಂತ್ರ ಅದೇ. ಆದರೆ ಅದು ಅದೇ ಗಡಿಯಾರವಾಗಿ ಉಳಿಯುತ್ತಿರಲಿಲ್ಲ.

ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ತಂದೆಯವರು ಹಳ್ಳಿಯ ಶಾಲೆಯ ಮೇಷ್ಟರು. 1974ರಲ್ಲಿ ಅವರು ನಿವೃತ್ತರಾದಾಗ ಊರಿನವರು ಚಂದಾ ಎತ್ತಿ ಒಂದು ಎಚ್.ಎಂ.ಟಿ. ಗಡಿಯಾರವನ್ನು ಕೊಟ್ಟಿದ್ದರು. ಬೆನ್ನಿನ ಮೇಲೆ ಊರಿನ ಹೆಸರು, ಇಸವಿ, ‘ಮೇಷ್ಟರಿಗೆ’ ಎಂಬ ಒಂದು ಪದ. ಅಕ್ಕಸಾಲಿಗನ ಕೈಯಲ್ಲಿ ಕೆತ್ತಿಸಿದ್ದು. ಅಕ್ಷರ ತುಸು ಸೊಟ್ಟ. ಅವರು ತೀರಿಕೊಂಡ ಮೇಲೆ ಅದನ್ನು ಒಂದು ಅಂಗಡಿಗೆ ಕೊಟ್ಟು, ‘ಹೊಸದರಂತೆ ಮಾಡಿಕೊಡಿ’ ಎಂದೆ. ಆತ ಹೇಳಿದಂತೆಯೇ ಮಾಡಿದ. ಹಳದಿ ತಿರುಗಿದ್ದ ಮುಖ ಹಾಲಿನಂತೆ ಬಿಳುಪಾಯಿತು. ಕವಚ ಫಳಫಳನೆ ಹೊಳೆಯಿತು. ಸಂತೋಷದಿಂದ ತಂದು ತಾಯಿಯ ಕೈಯಲ್ಲಿಟ್ಟೆ. ಆಕೆ ಓದು ಬರಹ ಹೆಚ್ಚು ಬಲ್ಲವಳಲ್ಲ. ಮುಖವನ್ನು ನೋಡಲೇ ಇಲ್ಲ. ತಿರುಗಿಸಿ, ಬೆನ್ನಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿ, ಮತ್ತೊಮ್ಮೆ ಆಡಿಸಿ, ‘ಇದು ಯಾರದಪ್ಪಾ?’ ಎಂದು ಕೇಳಿದಳು.

ನಾನು ಉತ್ತರ ಹೇಳಲಾರದೆ ಹೋದೆ. ಯಂತ್ರ ಅವರದೇ, ಕವಚ ಅವರದೇ. ಆದರೆ ಆಕೆಯ ಬೆರಳು ಹುಡುಕಿದ ಸೊಟ್ಟ ಅಕ್ಷರಗಳು ಅಂಗಡಿಯ ಉಜ್ಜುವ ಚಕ್ರದಡಿ ಪುಡಿಯಾಗಿ ಹಾರಿಹೋಗಿದ್ದವು. ತಪ್ಪು ಅಂಗಡಿಯವನದಲ್ಲ, ನನ್ನ ಮಾತಿನದು. ಹಳೆಯದನ್ನು ಸರಿಮಾಡಿಸುವುದು ಬೇರೆ, ಹೊಸದು ಮಾಡಿಸುವುದು ಬೇರೆ ಎಂಬ ವಿವೇಕ ಅಂದು ನನಗಿರಲಿಲ್ಲ. ಭೂತಗನ್ನಡಿಯನ್ನು ಕೈಗೆತ್ತಿಕೊಂಡದ್ದು ಆ ದಿನದಿಂದ ಈಚೆಗೆ.

ಆದುದರಿಂದ ತಮ್ಮ ಮನೆಯಲ್ಲಿ ಹಿರಿಯರ ಗಡಿಯಾರವಿದ್ದರೆ ಇಷ್ಟು ಮಾಡಿ. ಯಂತ್ರವನ್ನು ತೊಳೆಸಿ, ಎಣ್ಣೆ ಹಾಕಿಸಿ. ಒಡೆದ ಗಾಜನ್ನೂ ಹರಿದ ಪಟ್ಟಿಯನ್ನೂ ಬದಲಿಸಿ. ಮುಖವನ್ನು ಬಳಿಯಬಾರದು, ಕವಚವನ್ನು ಉಜ್ಜಬಾರದು ಎಂದು ರಿಪೇರಿಯವರಿಗೆ ಬಾಯಲ್ಲಿ ಹೇಳುವುದಲ್ಲದೆ ಚೀಟಿಯಲ್ಲಿ ಬರೆಸಿ. ತೆಗೆದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಹಿಂದಕ್ಕೆ ಕೇಳಿ ಪಡೆಯಿರಿ. ಕಡೆಯದಾಗಿ, ಒಂದು ಕಾಗದದ ಮೇಲೆ ಅದು ಯಾರದು, ಯಾವಾಗ ಬಂದಿತು, ಯಾರು ಕೊಟ್ಟರು ಎಂಬುದನ್ನು ಬರೆದು ಗಡಿಯಾರದೊಡನೆ ಇಡಿ. ಮಾರುವುದಾದರೆ ಬೆಲೆಗೆ ಆ ಕಾಗದ ಆಧಾರವಾಗುತ್ತದೆ. ಮಾರದೆ ಉಳಿಸಿಕೊಂಡರೆ, ಮುಂದೆ ಎಂದಾದರೂ ಮೊಮ್ಮಗುವೊಂದು ಅದನ್ನು ಅಂಗೈಯಲ್ಲಿಟ್ಟುಕೊಂಡು ‘ಇದು ಯಾರದು?’ ಎಂದು ಕೇಳಿದಾಗ ಉತ್ತರ ಹೇಳಲು ಮನೆಯಲ್ಲಿ ಏನಾದರೊಂದು ಉಳಿದಿರುತ್ತದೆ.